ತಾತನ ಸ್ಟೆನ್ ಗನ್ನು, ಟೆಕ್ಸಾಸಿನ ಅಂಗಡಿ

ಡಲ್ಲಾಸ್ ಹತ್ತಿರದ ಒಂದು ಬಂದೂಕಿನ ಅಂಗಡಿಯಲ್ಲಿ ನಿಂತು ಹಾಸನದಲ್ಲಿರುವ ತಾತನಿಗೆ ವಿಡಿಯೋ ಕಾಲ್ ಮಾಡಿದೆ. ಗೋಡೆಗೆ ನೇತುಹಾಕಿದ್ದ ಸ್ಟೆನ್ ಗನ್ ಕಡೆ ಫೋನ್ ತಿರುಗಿಸಿದೆ. ತಾತ ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಇದೇನೋ, ಇದರ ಮೂತಿ ಇಷ್ಟುದ್ದ?" ಅಂದರು.

ತಾತ 1964ರಲ್ಲಿ ಪೊಲೀಸ್ ಸಶಸ್ತ್ರ ಮೀಸಲು ಪಡೆಗೆ ಸೇರಿದವರು. ಖಜಾನೆ ಕಾವಲಿಗೆ ನಿಂತಾಗ ಅವರ ಹೆಗಲ ಮೇಲೆ ಸ್ಟೆನ್ ಇರುತ್ತಿತ್ತಂತೆ. ಚಿಕ್ಕಂದಿನಲ್ಲಿ ನಮಗೆ ರಾಮಾಯಣಕ್ಕಿಂತ ಹೆಚ್ಚು ಸಲ ಹೇಳಿದ್ದು ಆ ಬಂದೂಕಿನ ಕಥೆಯನ್ನೇ. ಹಾಗಾಗಿ ಇಲ್ಲಿ ನನ್ನ ಸಹೋದ್ಯೋಗಿಯೊಬ್ಬ ಟಾಮಿ ಗನ್ ಕೊಳ್ಳೋಕೆ ಹೊರಟಾಗ ನಾನೂ ಹಿಂದೆ ಬಿದ್ದೆ. ನನ್ನ ಕಣ್ಣು ಮಾತ್ರ ಸ್ಟೆನ್ ಮೇಲೆ.

ಸೈನ್ಯದ ಮೆಷಿನ್ ಗನ್ ಅಂಗಡೀಲಿ ಸಿಗುತ್ತಾ ಅಂತ ನೀವು ಕೇಳಬಹುದು. ಅಸಲಿಯಾದರೆ ಬಹಳ ಕಷ್ಟ. 1934ರಲ್ಲೇ ಅಮೆರಿಕ ಅದರ ಮೇಲೆ 200 ಡಾಲರ್ ತೆರಿಗೆ ಹಾಕಿ ನೋಂದಣಿ ಕಡ್ಡಾಯ ಮಾಡಿತು. 1986ರ ಮೇ 19ರ ನಂತರ ಹೊಸ ಮೆಷಿನ್ ಗನ್ ಸಾಮಾನ್ಯ ಜನರ ಹೆಸರಿಗೆ ನೋಂದಣಿ ಆಗೋದೇ ಇಲ್ಲ. ಅದಕ್ಕೂ ಮುಂಚೆ ನೋಂದಣಿಯಾದವು ಮಾತ್ರ ಕೈಯಿಂದ ಕೈಗೆ ದಾಟುತ್ತಿವೆ. ಹೆಚ್ಚಾಗುವ ಮಾತೇ ಇಲ್ಲದ್ದರಿಂದ ಅಸಲಿ ಥಾಮ್ಸನ್ ಒಂದಕ್ಕೆ ಹತ್ತಾರು ಸಾವಿರ ಡಾಲರ್. ನಮ್ಮ ಬೆಂಗಳೂರಿನ ಸೈಟಿನ ಥರ.

ಉಳಿದವರಿಗೆ ಅರೆ ಸ್ವಯಂಚಾಲಿತ ಮಾದರಿ ಇದೆ. ನೋಡೋಕೆ ಹಳೆಯದೇ, ಆದರೆ ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಟಾಮಿ ಗನ್ನಿನ ಈ ರೂಪಕ್ಕೆ ಒಂದು ಒಳ್ಳೆ ಲ್ಯಾಪ್‌ಟಾಪಿನಷ್ಟು ಬೆಲೆ. ಸ್ಟೆನ್ ಹೀಗೆ ಕಾರ್ಖಾನೆಯಿಂದ ಸಿದ್ಧವಾಗಿ ಬರೋದು ಅಪರೂಪ. ಗ್ಯಾಸ್ ಕಟರ್‌ನಲ್ಲಿ ತುಂಡರಿಸಿದ ಹಳೇ ಸ್ಟೆನ್‌ಗಳ ಬಿಡಿಭಾಗ ತಂದು, ಮುಖ್ಯ ಕೊಳವೆಯನ್ನು ಇಲ್ಲೇ ಹೊಸದಾಗಿ ಮಾಡಿ ಜೋಡಿಸುತ್ತಾರೆ.

ಮೂತಿ ಉದ್ದ ಯಾಕೆ ಅಂದರೆ, ರೈಫಲ್ ಅಂತ ಮಾರಬೇಕಾದರೆ ಬ್ಯಾರೆಲ್ ಕನಿಷ್ಠ 16 ಇಂಚು ಇರಬೇಕು. ಅದಕ್ಕಿಂತ ಗಿಡ್ಡವಾದರೆ ಬೇರೆ ನೋಂದಣಿ, ಬೇರೆ ಕಾಗದಪತ್ರ. ಅಸಲಿ ಸ್ಟೆನ್ನಿಗೆ ಇದ್ದದ್ದು 8 ಇಂಚಿಗೂ ಕಮ್ಮಿ. ಗಿಡ್ಡ ಹುಡುಗನಿಗೆ ಅಪ್ಪನ ಪ್ಯಾಂಟು ತೊಡಿಸಿದ ಹಾಗೆ ಕಾಣುತ್ತೆ, ನಿಜ.

ಎಂಜಿನಿಯರ್ ಆಗಿ ನನಗೆ ಮಜಾ ಅನ್ನಿಸಿದ್ದು ಒಳಗಿನ ಬದಲಾವಣೆ. ಹಳೇ ಸ್ಟೆನ್‌ನಲ್ಲಿ ಬೋಲ್ಟ್ ಅನ್ನೋ ಕಬ್ಬಿಣದ ಗಟ್ಟಿ ಹಿಂದೆ ಸಿಕ್ಕಿಕೊಂಡು ನಿಂತಿರುತ್ತೆ. ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಅದನ್ನು ಮುಂದಕ್ಕೆ ನುಗ್ಗಿಸುತ್ತೆ. ಅದು ತೋಟಾ ತಳ್ಳಿಕೊಂಡು ಹೋಗಿ ಸಿಡಿಸಿ, ಅದೇ ಹೊಡೆತಕ್ಕೆ ವಾಪಸ್ ಬರುತ್ತೆ. ಇಂಥ ಬಂದೂಕನ್ನು ಮತ್ತೆ ಮೆಷಿನ್ ಗನ್ ಮಾಡೋದು ಸುಲಭ ಅಂತ 1982ರಲ್ಲಿ ಇಲ್ಲಿನ ಫೆಡರಲ್ ಇಲಾಖೆ ತೀರ್ಮಾನಿಸಿತು. ಅಂದಿನಿಂದ ಹೊಸದಾಗಿ ತಯಾರಾಗುವವು ಬೋಲ್ಟ್ ಮುಚ್ಚಿದ ಸ್ಥಿತಿಯಲ್ಲೇ ಹಾರಬೇಕು. ಹೊರಗೆ 1941ರ ವಿನ್ಯಾಸ, ಒಳಗೆ ಬೇರೆಯದೇ ಯಂತ್ರ.

ಇದನ್ನು ತಾತನಿಗೆ ವಿವರಿಸಿದೆ. ಅವರು ತಕ್ಷಣ, "ಹಂಗಾದ್ರೆ ಕೆಳಗೆ ಬಿದ್ರೆ ತಾನಾಗೇ ಹಾರಲ್ವಾ?" ಅಂದರು. ಸ್ಟೆನ್ನಿನ ಕುಖ್ಯಾತಿಯೇ ಅದು. ಮ್ಯಾಗಜೀನ್ ಇದ್ದಾಗ ಗನ್ನು ಜೋರಾಗಿ ನೆಲಕ್ಕೆ ಬಡಿದರೆ ಬೋಲ್ಟ್ ಜಾರಿ ಗುಂಡು ಹಾರಿಬಿಡಬಹುದು. ಲಾರಿಯಿಂದ ಇಳಿಯೋ ಮುಂಚೆ ಮ್ಯಾಗಜೀನ್ ಕಳಚಿ ಜೇಬಿಗೆ ಹಾಕಿಕೊಳ್ಳೋದು ತಾತನಿಗೆ ಅಭ್ಯಾಸವಾಗಿತ್ತಂತೆ. "ಒಂದೇ ಗುಂಡು ಅಂತ ಬೇಜಾರೇನೋ? ಅದ್ರಲ್ಲೂ ಸಿಂಗಲ್‌ಗೆ ಒಂದು ಗುಂಡಿ ಇತ್ತು. ನಮಗೆ ಯಾವಾಗ್ಲೂ ಸಿಂಗಲ್ಲೇ" ಅಂತ ಬೇರೆ ಸೇರಿಸಿದರು.

ಸರಿ, ಕೊಳ್ಳೋಣ ಅಂದರೆ ದೊಡ್ಡ ತೊಡಕು ನನ್ನ ವೀಸಾ. ಎಚ್‌-1ಬಿಯವರು ಬಂದೂಕು ಕೊಳ್ಳೋದಿರಲಿ, ಕೈಯಲ್ಲಿ ಹಿಡಿಯೋದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಮೊಟ್ಟೆಯನ್ನೂ ಒಳಗೆ ತರದ ಮನೆಯಲ್ಲಿ ಹುಟ್ಟಿದ ನಾನು ಬೇಟೆ ಸುರಕ್ಷತೆಯ ಪಾಠ ಓದಿ, ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಂಡೆ! ಅಮ್ಮನಿಗೆ ಇನ್ನೂ ಹೇಳಿಲ್ಲ. (ಈಗ ಗೊತ್ತಾಗುತ್ತೆ.)

ಗೆಳೆಯನ ಟಾಮಿ ಗನ್ನನ್ನು ರೇಂಜಿನಲ್ಲಿ ಹಾರಿಸಿದೆ. ಐದು ಕಿಲೋಗಿಂತ ಹೆಚ್ಚು ಭಾರ. ಬೋಲ್ಟ್ ಎಳೆಯೋಕೆ ಬಾವಿಯಿಂದ ನೀರು ಸೇದಿದಷ್ಟು ಶಕ್ತಿ ಬೇಕು. ಭಾರ ಜಾಸ್ತಿ ಇರೋದರಿಂದಲೇ ಹೆಗಲಿಗೆ ಒದೆತ ಕಮ್ಮಿ. ಇಪ್ಪತ್ತು ಗುಂಡು ಮುಗಿದದ್ದೇ ತಿಳಿಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಮತ್ತೊಂದು ಶನಿವಾರ ಸ್ಟೆನ್ ಕೊಳ್ಳೋಕೇ ಅಂತ ಹೋದೆ. ಕೌಂಟರಿನವನು ಫಾರಂ ಕೊಟ್ಟ. ಅದನ್ನು ತುಂಬಿದ ಮೇಲೆ ಎಫ್‌ಬಿಐ ವ್ಯವಸ್ಥೆಯಲ್ಲಿ ತಪಾಸಣೆ, ನಮ್ಮ ಗೆಳೆಯನಿಗೆ ಕೆಲವೇ ನಿಮಿಷದಲ್ಲಿ ಮುಗಿದಿತ್ತು. ವೀಸಾದ ಪ್ರಶ್ನೆ ಬಂದಾಗ ಪೆನ್ನು ನಿಂತಿತು. ಲೈಸೆನ್ಸ್ ಇದೆ, ಉತ್ತರ ಸರಿಯಾಗೇ ಇದೆ. ಆದರೆ ಲೈಸೆನ್ಸಿನ ಅವಧಿ ಮುಗಿದ ದಿನ ಮನೇಲಿ ಬಂದೂಕು ಇದ್ದರೆ ನಾನು ಅಪರಾಧಿ. ನವೀಕರಿಸೋದು ಮರೆಯೋದು ಎಷ್ಟೊತ್ತು? ಗ್ಯಾಸ್ ಬಿಲ್ಲನ್ನೇ ಎರಡು ಸಲ ಮರೆತವನು ನಾನು. ಮನೇಲಿ ಎರಡು ವರ್ಷದ ಮಗಳು ಬೀರುವಿನ ಬಾಗಿಲೆಲ್ಲ ತೆಗೆಯೋದು ಕಲಿತಿದ್ದಾಳೆ. ಹೆಂಡತಿ ಜಗಳವಾಡಲಿಲ್ಲ. "ಎಲ್ಲಿಡ್ತೀಯ ಅಂತ ಮೊದಲು ತೋರಿಸು" ಅಂದಿದ್ದಳು ಅಷ್ಟೆ.

ಮತ್ತೆ ತಾತನಿಗೆ ಫೋನ್ ಮಾಡಿದೆ. ಅಭ್ಯಾಸಕ್ಕೆ ಹತ್ತು ತೋಟಾ ಕೊಟ್ಟರೆ ಹತ್ತು ಖಾಲಿ ಕೋಶ ವಾಪಸ್ ಕೊಡಬೇಕಿತ್ತು, ಒಂದು ಕಳೆದು ಕತ್ತಲಾಗೋ ತನಕ ಹುಲ್ಲಲ್ಲಿ ಹುಡುಕಿದ್ದೆವು ಅಂತ ಹಳೇ ಕಥೆ ಶುರುಮಾಡಿದರು. ಮಧ್ಯೆ ನಿಲ್ಲಿಸಿ, "ಅಲ್ಲಪ್ಪ, ನಿಂದು ಸಂಜೆ ಯಾರ ಹತ್ರ ಜಮಾ ಮಾಡ್ತೀಯ? ರಿಜಿಸ್ಟರ್‌ಗೆ ಯಾರು ಸೈನ್ ಹಾಕ್ತಾರೆ?" ಅಂದರು.

ಫಾರಂ ವಾಪಸ್ ಕೊಟ್ಟೆ. ಅಂಗಡಿಯವನು ಬೇಜಾರು ಮಾಡಿಕೊಳ್ಳಲಿಲ್ಲ. ಪಕ್ಕದ ಡಬ್ಬಿಯಲ್ಲಿ ಹಳೇ ಬಿಡಿ ಸಾಮಾನು ಬಿದ್ದಿತ್ತು, ಅದರಲ್ಲಿ ಸ್ಟೆನ್ ಮ್ಯಾಗಜೀನಿಗೆ ತೋಟಾ ತುಂಬುವ ಕಬ್ಬಿಣದ ಲೋಡರ್ ಒಂದು. ಅದು ಇಲ್ಲದೆ ಬರಿಗೈಲಿ ತುಂಬಿದರೆ ಹೆಬ್ಬೆರಳು ಹಣ್ಣಾಗುತ್ತೆ. ಅದನ್ನು ಕೊಂಡೆ. ಕ್ಯಾಮೆರಾ ಮುಂದೆ ಹಿಡಿದಾಗ ತಾತ ಹೆಸರು ಹೇಳಲಿಲ್ಲ, ಆ ಕಡೆಯಿಂದ ಖಾಲಿ ಗಾಳಿಯಲ್ಲೇ ಹೆಬ್ಬೆರಳು ಒತ್ತಿ ಒತ್ತಿ ತೋರಿಸಿದರು. ಊರಿಗೆ ತಗೊಂಡು ಹೋಗೋ ಧೈರ್ಯ ಇಲ್ಲ, ಕಸ್ಟಮ್ಸ್‌ನವರಿಗೆ ಇದೇನು ಅಂತ ಯಾರು ವಿವರಿಸೋದು? ಸದ್ಯಕ್ಕೆ ನನ್ನ ಮಾನಿಟರ್ ಪಕ್ಕ ಕೂತಿದೆ.