ಹಿಮದ ಮೇಲೆ ಇಳಿಯುವ ವಿಮಾನ

ಅರಕೆರೆ ಕಡೆಯ ಕೆಸರುಗದ್ದೆಗೆ ಇಳಿದಿದ್ದರೆ ನಿಮಗೇ ಗೊತ್ತು, ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಅದೇ ಕೆಸರಿಗೆ ಅಗಲವಾದ ಹಲಗೆ ಹಾಕಿ ನಿಂತು ನೋಡಿ, ಅಷ್ಟು ಹೂಳುವುದಿಲ್ಲ. ನಿಮ್ಮ ಭಾರ ಅಷ್ಟೇ ಇದೆ; ಅದು ಹರಡುವ ಜಾಗ ಹೆಚ್ಚಿದೆ. ಪರ್ವತದ ಆಳವಾದ ಹಿಮದಲ್ಲಿ ಇಳಿಯುವ ಪುಟ್ಟ ವಿಮಾನಗಳಿಗೆ 'ಸ್ಕೀ' ಎಂಬ ಉದ್ದನೆಯ ಹಲಗೆಗಳನ್ನು ಜೋಡಿಸುವುದು ಇದೇ ಕಾರಣಕ್ಕೆ.

ಪೈಲಟ್ ಇಳಿಜಾರಿನ ಕೆಳಗಿನಿಂದ ಮೇಲ್ಮುಖವಾಗಿ ಬಂದು ಇಳಿಯುತ್ತಾನೆ. ಆ ಏರೇ ಅವನಿಗೆ ಬ್ರೇಕು. ನಿಲ್ಲುವ ಮುನ್ನ ವಿಮಾನವನ್ನು ಅಡ್ಡಕ್ಕೆ ತಿರುಗಿಸದಿದ್ದರೆ ಅದು ಹಿಂದಕ್ಕೆ ಜಾರುತ್ತದೆ. ಹೊರಡುವಾಗ ಇಳಿಜಾರಿನಲ್ಲೇ ಓಟ. ಮೋಡ ಕವಿದರಂತೂ ನೆರಳೇ ಇಲ್ಲದ ಬಿಳುಪಿನಲ್ಲಿ ನೆಲ ಎಷ್ಟು ಕೆಳಗಿದೆಯೆಂದು ಕಣ್ಣಿಗೆ ತಿಳಿಯದು.

1960ರಲ್ಲಿ ನೇಪಾಳದ ಧವಳಗಿರಿ ಆರೋಹಿಗಳಿಗೆ ಸಾಮಾನು ಸಾಗಿಸಿದ ಸ್ವಿಸ್ ವಿಮಾನ 'ಯೇತಿ' ಸುಮಾರು 5,700 ಮೀಟರ್ ಎತ್ತರದಲ್ಲಿ ಇಳಿದು ದಾಖಲೆ ಮಾಡಿತು. ಅದೇ ವರ್ಷ ಮೇ ತಿಂಗಳಲ್ಲಿ, ಮೇಲೇರುವಾಗ ಅಪಘಾತಕ್ಕೀಡಾಯಿತು. ಇಬ್ಬರು ಪೈಲಟ್‌ಗಳು ನಡೆದೇ ಕೆಳಗಿಳಿದು ಬದುಕಿದರು.

ನಮ್ಮ ಸಿಯಾಚಿನ್ ಠಾಣೆಗಳ ಇಕ್ಕಟ್ಟಿನಲ್ಲಿ ಇಂಥ ಓಟಕ್ಕೆ ಜಾಗವಿಲ್ಲ. ಅಲ್ಲಿ ದಶಕಗಳಿಂದ ದುಡಿದದ್ದು, ಫ್ರೆಂಚ್ ವಿನ್ಯಾಸದಂತೆ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ 'ಚೀತಾ' ಹೆಲಿಕಾಪ್ಟರ್. ಗಾಳಿ ತೆಳುವಾದ ಆ ಎತ್ತರದಲ್ಲಿ ಅದು ಹೊರಬಲ್ಲ ಹೊರೆ ಬಲು ಕಡಿಮೆ. 2016ರ ಫೆಬ್ರವರಿಯಲ್ಲಿ ಆರು ದಿನ ಹಿಮದಡಿ ಹೂತಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಉಸಿರಿರುವಾಗಲೇ ಕೆಳಗೆ ತಂದದ್ದೂ ಹೆಲಿಕಾಪ್ಟರೇ. ಫೆಬ್ರವರಿ 11ರಂದು ದೆಹಲಿಯಲ್ಲಿ ಅವರು ತೀರಿಕೊಂಡರು.

ಪರದೆಯ ಮೇಲೆ ಆ ಬಿಳಿಯ ಇಳಿಜಾರುಗಳನ್ನು ನೋಡುವಾಗ ನೆನಪಿಡಿ: ಅಲ್ಲಿ ಇಳಿದರೆ ಅರ್ಧ ಕೆಲಸ ಮಾತ್ರ ಆಯಿತು, ಮರಳಿ ಹೊರಡುವುದು ಇನ್ನೂ ಬಾಕಿ.