ಹಾಡು ಬದಲಾದರೆ ತಾಳವೂ ಕಳೆದುಹೋಗಬೇಕೇ?



ಮನೆಯಲ್ಲಿಯೇ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುವ ಹವ್ಯಾಸವು ನಮ್ಮ ಕುಟುಂಬಗಳಿಗೆ ಹೊಸದೇನಲ್ಲ. ಟೇಪ್‌ರೆಕಾರ್ಡರಿನ ಮುಂದೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕುಳಿತು, ಒಬ್ಬರು ಸ್ವರ ತಪ್ಪಿದರೆ ಎಲ್ಲರೂ ಮೊದಲಿನಿಂದ ಹಾಡಬೇಕಾಗಿದ್ದ ದಿನಗಳನ್ನು ಹಿರಿಯರು ಮರೆತಿರಲಾರರು. ಒಬ್ಬೊಬ್ಬರ ಧ್ವನಿಯನ್ನೂ ಒಂದೊಂದು ವಾದ್ಯವನ್ನೂ ಪ್ರತ್ಯೇಕ ಪಥದಲ್ಲಿ ಮುದ್ರಿಸಿ ಅನಂತರ ಕೂಡಿಸುವ ಸೌಕರ್ಯವನ್ನು ಸಾಧಾರಣ ಕ್ಯಾಸೆಟ್ಟಿನ ಮೇಲೆಯೇ ಒದಗಿಸಿದ ಕೀರ್ತಿ 1979ರಲ್ಲಿ ಜಪಾನಿನಿಂದ ಬಂದ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೊ ಯಂತ್ರಕ್ಕೆ ಸಲ್ಲುತ್ತದೆ. ಅದರ ಡಿಜಿಟಲ್ ವಂಶಜರೇ ಇಂದಿನ ಮಲ್ಟಿಟ್ರ್ಯಾಕ್ ರೆಕಾರ್ಡರುಗಳು. ಬಾಸ್ ಸಂಸ್ಥೆಯ ಬಿಆರ್-8 ಯಂತ್ರವು 2000ದ ಸುಮಾರಿಗೆ ಜಿಪ್ ಡಿಸ್ಕಿನ ಮೇಲೆ ಹಾಡುಗಳನ್ನು ಮುದ್ರಿಸುತ್ತಿತ್ತು. 2006ರ ಬಿಆರ್-600 ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ ಮೇಲೆ ಹಾಡುಗಳನ್ನು ಮುದ್ರಿಸುತ್ತ, ತನ್ನ ಒಡಲಲ್ಲಿಯೇ ಒಂದು ಡ್ರಮ್ ಮಷೀನನ್ನೂ ಬೆರಳಿನಿಂದ ಬಡಿಯಲು ಪುಟ್ಟ ಪ್ಯಾಡುಗಳನ್ನೂ ಇರಿಸಿಕೊಂಡಿತ್ತು. ಕೊಲ್ಲಿ ರಾಷ್ಟ್ರಗಳಿಂದ ರಜೆಗೆಂದು ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಇಂತಹ ಯಂತ್ರಗಳು ಬಂದು, ಇಂದಿಗೂ ಹಲವು ಮನೆಗಳ ಕಪಾಟಿನಲ್ಲಿ ಕುಳಿತಿವೆ.

ಈ ಯಂತ್ರಗಳನ್ನು ಬಳಸುವವರನ್ನು ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆಯೊಂದಿದೆ. ಒಂದು ಹಾಡಿಗಾಗಿ ನಾವು ಸ್ವತಃ ರಚಿಸಿದ ತಾಳವಿನ್ಯಾಸವನ್ನು, ಅಂದರೆ ಡ್ರಮ್ ಪ್ಯಾಟರ್ನನ್ನು, ಇನ್ನೊಂದು ಹಾಡಿಗೆ ಒಯ್ಯುವುದು ಹೇಗೆ? ಹೊಸ ಹಾಡನ್ನು ತೆರೆದು ನೋಡಿದರೆ ಅದು ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಕಾರ್ಖಾನೆಯವರು ತುಂಬಿಸಿ ಕಳುಹಿಸಿದ ರಾಕ್, ಬ್ಲೂಸ್, ಜಾಝ್, ಫಂಕ್ ವಿನ್ಯಾಸಗಳೆಲ್ಲ ಸಾಲಾಗಿ ನಿಂತಿರುತ್ತವೆ. ನಮ್ಮದು ಮಾತ್ರ ಇಲ್ಲ.

ಕಾರಣ ಸರಳವಾದುದು. ಕಾರ್ಖಾನೆಯ ವಿನ್ಯಾಸಗಳು ಯಂತ್ರದ ಅಳಿಸಲಾಗದ ಸ್ಮೃತಿಯಲ್ಲಿ ನೆಲೆಸಿದ್ದು ಎಲ್ಲ ಹಾಡುಗಳಿಗೂ ಸಮಾನವಾಗಿ ದೊರೆಯುತ್ತವೆ. ನಾವು ರಚಿಸಿದ್ದಾದರೋ, ಆ ಹಾಡಿನ ಧ್ವನಿಗಳೊಂದಿಗೆ ಆ ಹಾಡಿನದೇ ಕೋಣೆಯಲ್ಲಿ ಉಳಿಯುತ್ತದೆ. ಇದು ಯಂತ್ರ ನಿರ್ಮಾಪಕರ ಅವಿವೇಕವೆಂದು ಸಿಡುಕುವವರುಂಟು. ನಾವು ಹಾಗೆ ಭಾವಿಸುವುದಿಲ್ಲ. ವಿನ್ಯಾಸವು ಎಲ್ಲ ಹಾಡುಗಳಿಗೂ ಸಾಮಾನ್ಯವಾಗಿದ್ದರೆ, ಇಂದಿನ ಹಾಡಿಗಾಗಿ ಅದರಲ್ಲಿ ಒಂದು ಪೆಟ್ಟನ್ನು ಬದಲಿಸಿದೊಡನೆ ಕಳೆದ ವರ್ಷ ಮುಗಿಸಿದ್ದ ಹಾಡೂ ನಮಗರಿವಿಲ್ಲದೆಯೇ ಬದಲಾಗಿಬಿಡುತ್ತಿತ್ತು. ಆದರೆ ಈ ರಕ್ಷಣೆಗೆ ತೆರಬೇಕಾದ ಬೆಲೆಯೂ ಇದೆ. ಕಾರ್ಖಾನೆಯ ವಿನ್ಯಾಸ ಅದೇ ಮಾದರಿಯ ಪ್ರತಿಯೊಂದು ಯಂತ್ರದಲ್ಲಿಯೂ ಇರುವುದರಿಂದ ನಮ್ಮ ಯಂತ್ರ ಕೆಟ್ಟರೂ ಅದು ನಷ್ಟವಾಗದು. ಜಗತ್ತಿನಲ್ಲಿ ಒಂದೇ ಪ್ರತಿಯುಳ್ಳದ್ದು ನಮ್ಮ ಕೈಯಾರೆ ಮಾಡಿದ್ದು ಮಾತ್ರ. ಆ ಒಂದು ಹಾಡನ್ನು ಅಳಿಸಿದರೆ ಅದೂ ಅಳಿಯಿತು.

ಕರಾವಳಿಯವರಿಗೆ ಈ ಮಾತಿನ ತೂಕ ಬೇಗನೆ ತಿಳಿದೀತು. ಗುಮಟೆಯ ತಾಳವನ್ನು ಯಾವ ಕಾರ್ಖಾನೆಯೂ ತನ್ನ ಪಟ್ಟಿಯಲ್ಲಿ ಸೇರಿಸಿ ಕಳುಹಿಸುವುದಿಲ್ಲ. ಎರಡು ಬಾಯಿಗಳ ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ, ಇನ್ನೊಂದನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುವ ಉಪಾಯ, ಇದು ಗುಮಟೆ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿಯೂ, ಕುಡುಬಿ ಮತ್ತು ಸಿದ್ದಿ ಜನಾಂಗಗಳಲ್ಲಿಯೂ ಅದು ಉಳಿದುಬಂದಿದೆ. ಹಿಂದೆ ಅದಕ್ಕೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಅದು ನಿಷಿದ್ಧವಾಗಿ ಈಗ ಆಡಿನ ಚರ್ಮ ಬಳಕೆಯಲ್ಲಿದೆ. ಗೋವಾ ಸರಕಾರವು 2019ರಲ್ಲಿ ಇದನ್ನು ಪಾರಂಪರಿಕ ವಾದ್ಯವೆಂದು ಸಾರಿತು. ಬಾರಿಸಬಲ್ಲ ಹಿರಿಯರು ಮಾತ್ರ ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ.

ನಮ್ಮ ಪರಿಚಯದ ಕುಟುಂಬವೊಂದರಲ್ಲಿ ಅಂತಹ ಹಿರಿಯರೊಬ್ಬರಿದ್ದರು. ಒಂದು ಕ್ರಿಸ್ಮಸ್ ರಜೆಯಲ್ಲಿ ಮಗನು ತಂದಿದ್ದ ರೆಕಾರ್ಡರಿನ ಪ್ಯಾಡುಗಳ ಮೇಲೆ ಅವರು ತಮಾಷೆಗೆಂದು ಬೆರಳಾಡಿಸುತ್ತ, ತಮ್ಮ ಗುಮಟೆಯ ಪಟ್ಟನ್ನು ಎರಡು ಟಾಮ್ ಡ್ರಮ್ಮುಗಳ ಧ್ವನಿಯಲ್ಲಿ ಬಾರಿಸಿದರು. ದಪ್ಪ ನಾದಕ್ಕೊಂದು, ತೆಳು ನಾದಕ್ಕೊಂದು. ಮಗನು ಅದನ್ನು ಒಂದು ಹಾಡಿನ ವಿನ್ಯಾಸವಾಗಿ ಉಳಿಸಿಕೊಂಡನು. ಮರುವರ್ಷ ತಂದೆ ತೀರಿಕೊಂಡರು. ಮಗಳ ಮದುವೆ ನಿಶ್ಚಯವಾಗಿ, ರೋಸಿನ ಸಂಜೆಗೆಂದು ಅಣ್ಣ ತಂಗಿಯರು ಹೊಸ ಹಾಡೊಂದನ್ನು ಸಿದ್ಧಪಡಿಸಲು ಕುಳಿತಾಗ ತಂದೆಯ ತಾಳ ಪಟ್ಟಿಯಲ್ಲಿ ಕಾಣದೆ ಕಂಗಾಲಾದರು. ಹಳೆಯ ಹಾಡಿನಲ್ಲಿ ಅದು ಸುರಕ್ಷಿತವಾಗಿಯೇ ಇತ್ತು. ಅಲ್ಲಿಂದ ಇಲ್ಲಿಗೆ ದಾರಿಯೊಂದು ಬೇಕಾಗಿತ್ತು, ಅಷ್ಟೇ.

ದಾರಿಯನ್ನು ಹೇಳುವ ಮುನ್ನ, ಒಯ್ಯಬೇಕಾದ ವಸ್ತು ಯಾವುದೆಂಬುದನ್ನು ವಿಚಾರಿಸುವುದು ಉಚಿತ. ತಾಳವಿನ್ಯಾಸವೆಂಬುದು ಧ್ವನಿಯಲ್ಲ. ಯಾವ ಕ್ಷಣದಲ್ಲಿ, ಯಾವ ವಾದ್ಯವನ್ನು, ಎಷ್ಟು ಬಲದಿಂದ ಬಡಿಯಬೇಕೆಂಬ ಆದೇಶಗಳ ಒಂದು ಸಣ್ಣ ಪಟ್ಟಿ ಅದು. ಸಿ.ಡಿ. ಗುಣಮಟ್ಟದಲ್ಲಿ ಒಂದು ಧ್ವನಿಯನ್ನು ಒಂದು ನಿಮಿಷ ಮುದ್ರಿಸಲು ಸುಮಾರು 53 ಲಕ್ಷ ಬೈಟುಗಳು ಬೇಕು. 40 ಪೆಟ್ಟುಗಳಿರುವ ತಾಳವಿನ್ಯಾಸಕ್ಕೆ ಕೆಲವು ನೂರು ಬೈಟುಗಳು ಸಾಕು. ಅಂಚೆಕಾರ್ಡಿನಲ್ಲಿ ಬರೆದು ಮುಗಿಸುವಷ್ಟು. ಉಂಗುರದ ಮುದ್ರೆಯನ್ನು ಮೇಣವು ಸ್ವೀಕರಿಸುವಾಗ ಉಂಗುರದ ಚಿನ್ನವನ್ನಾಗಲಿ ಕಬ್ಬಿಣವನ್ನಾಗಲಿ ಸ್ವೀಕರಿಸುವುದಿಲ್ಲವೆಂದು ಅರಿಸ್ಟಾಟಲನು ಆತ್ಮವನ್ನು ಕುರಿತ ತನ್ನ ಗ್ರಂಥದಲ್ಲಿ ದೃಷ್ಟಾಂತ ಕೊಡುತ್ತಾನೆ. ಇಲ್ಲಿಯೂ ಒಂದು ಹಾಡಿನಿಂದ ಇನ್ನೊಂದಕ್ಕೆ ಸಾಗುವುದು ರೂಪ ಮಾತ್ರ, ದ್ರವ್ಯವಲ್ಲ. ಡ್ರಮ್ಮಿನ ನಾದವು ಹೊಸ ಹಾಡಿನಲ್ಲಿ ಆರಿಸಿರುವ ಡ್ರಮ್ ಕಿಟ್‌ನಿಂದ ಬರುತ್ತದೆ. ವೇಗವೂ ಬಹುಮಟ್ಟಿಗೆ ಹೊಸ ಹಾಡಿನದೇ. ತಾಳವನ್ನು ಒಯ್ದ ಬಳಿಕ ಅದು ಬೇರೆಯೇ ಆಗಿ ಕೇಳಿಸುತ್ತಿದೆ, ಯಂತ್ರ ಕೆಡಿಸಿತು ಎಂದು ದೂರುವವರು ಮೊದಲು ಕಿಟ್ ಮತ್ತು ಟೆಂಪೊ ಎರಡನ್ನೂ ಹಳೆಯ ಹಾಡಿನೊಂದಿಗೆ ಹೋಲಿಸಿ ನೋಡಬೇಕು.

ಅತಿ ಸುಲಭವಾದ ದಾರಿಯೆಂದರೆ ತಾಳವನ್ನು ಒಯ್ಯದೆ ಹಾಡನ್ನೇ ನಕಲು ಮಾಡುವುದು. ಹಾಡನ್ನು ನಕಲಿಸುವ ಸೌಲಭ್ಯ ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಕಲಿನಲ್ಲಿರುವ ಹಾಡುಗಾರಿಕೆ, ಗಿಟಾರ್ ಮೊದಲಾದ ಪಥಗಳನ್ನು ಅಳಿಸಿದರೆ ಉಳಿಯುವುದು ತಾಳ ಮಾತ್ರ. ಅದರ ಮೇಲೆ ಹೊಸ ಹಾಡನ್ನು ಕಟ್ಟಬಹುದು. ಮೇಲೆ ಹೇಳಿದ ಮಕ್ಕಳೂ ಮೊದಲು ಹೀಗೆಯೇ ಮಾಡಿದರು. ಬುದ್ಧಿವಂತರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಧ್ವನಿಯೇ ಇಲ್ಲದ, ತಮ್ಮ ತಾಳಗಳನ್ನು ಮಾತ್ರ ತುಂಬಿದ ಒಂದು 'ತಾಯಿ ಹಾಡನ್ನು' ಸಿದ್ಧಮಾಡಿಟ್ಟು, ಪ್ರತಿಯೊಂದು ಹೊಸ ಹಾಡನ್ನೂ ಅದರ ನಕಲಿನಿಂದಲೇ ಆರಂಭಿಸುತ್ತಾರೆ. ಧ್ವನಿಯಿಲ್ಲದ ಕಾರಣ ಕಾರ್ಡಿನಲ್ಲಿ ಅದು ಹಿಡಿಯುವ ಜಾಗ ಅತ್ಯಲ್ಪ. ಒಂದೇ ಕೊರತೆಯೆಂದರೆ, ಈಗಾಗಲೇ ಅರ್ಧ ಮುದ್ರಿಸಿದ ಹಾಡಿಗೆ ಈ ಉಪಾಯ ಒದಗದು.

ಅರ್ಧ ಮುಗಿದ ಹಾಡಿಗೆ ತಾಳ ಬೇಕಾದಾಗ, ಬೇರೊಂದು ಹಾಡಿನಿಂದ ವಿನ್ಯಾಸವನ್ನು ಆಮದು ಮಾಡಿಕೊಳ್ಳುವ ಆಜ್ಞೆ ನಿಮ್ಮ ಯಂತ್ರದಲ್ಲಿದೆಯೇ ಎಂದು ಕೈಪಿಡಿಯಲ್ಲಿ ಹುಡುಕಬೇಕು. ಕೆಲವದರಲ್ಲಿದೆ, ಕೆಲವದರಲ್ಲಿಲ್ಲ. ಇದ್ದರೂ ಎಚ್ಚರ ಅವಶ್ಯ. ಯಂತ್ರವು ತಾಳವನ್ನು ಗುರುತಿಸುವುದು ಸಂಖ್ಯೆಯಿಂದ. ಮೂರನೆಯ ಸಂಖ್ಯೆಗೆ ಹೊಸ ತಾಳವನ್ನು ತಂದು ಕೂರಿಸಿದರೆ ಅಲ್ಲಿ ಮೊದಲೇ ಕುಳಿತಿದ್ದದ್ದು ಮಾಯವಾಗುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಹಾಡಿನ ಯಾವ ಭಾಗದಲ್ಲಿ ಯಾವ ತಾಳ ಬರಬೇಕೆಂಬ ಅನುಕ್ರಮವೂ, ಅಂದರೆ ಅರೇಂಜ್‌ಮೆಂಟೂ, ಈ ಸಂಖ್ಯೆಗಳ ಸರಣಿಯೇ ಆಗಿರುತ್ತದೆ. ಹಳೆಯ ಹಾಡಿನಲ್ಲಿ ಮೂರನೆಯದಾಗಿದ್ದ ತಾಳವನ್ನು ಹೊಸದರಲ್ಲಿ ಏಳನೆಯ ಸ್ಥಾನಕ್ಕೆ ತಂದು, ಅನುಕ್ರಮವನ್ನು ಮಾತ್ರ ಹಾಗೆಯೇ ಬಿಟ್ಟರೆ ಯಂತ್ರವು ವಿಧೇಯತೆಯಿಂದ ಮೂರನೆಯದನ್ನೇ ಬಾರಿಸುತ್ತದೆ. ಅದು ಬೇರೆ ಯಾವುದೋ ತಾಳ. ಮನೆ ಬದಲಾಯಿಸಿದವರು ಅಂಚೆಯಣ್ಣನಿಗೆ ತಿಳಿಸದಂತೆ!

ಮೂರನೆಯ ದಾರಿ ಮಿಡಿ. ರೋಲೆಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ ಹಾಗೂ ಅಮೆರಿಕದ ಡೇವ್ ಸ್ಮಿತ್ ಇವರ ಮುಂದಾಳುತನದಲ್ಲಿ 1983ರಲ್ಲಿ ರೂಢಿಗೆ ಬಂದ, ವಾದ್ಯಯಂತ್ರಗಳ ಈ ಸಾಮಾನ್ಯ ಭಾಷೆಗಾಗಿ ಅವರಿಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು. 1991ರ ಜನರಲ್ ಮಿಡಿ ನಿಯಮದಂತೆ ಡ್ರಮ್ಮುಗಳಿಗೆ 10ನೆಯ ಚಾನೆಲ್ ಮೀಸಲು. 36 ಎಂದರೆ ಬೇಸ್ ಡ್ರಮ್, 38 ಸ್ನೇರ್, 42 ಮುಚ್ಚಿದ ಹೈ-ಹ್ಯಾಟ್, 45 ಮತ್ತು 50 ಟಾಮ್‌ಗಳು. ಪೆಟ್ಟಿನ ಬಲವನ್ನು 1ರಿಂದ 127ರವರೆಗಿನ ಅಂಕಿಯಲ್ಲಿ ಹೇಳಲಾಗುತ್ತದೆ. ಹಳೆಯ ಯಂತ್ರವನ್ನು ನುಡಿಸುತ್ತ, ಅದು ಕೇಬಲ್ಲಿನ ಮೂಲಕ ಹೊರಗೆ ಕಳುಹಿಸುವ ಈ ಸಂದೇಶಗಳನ್ನು ಗಣಕಯಂತ್ರದಲ್ಲಿ ಹಿಡಿದಿಟ್ಟು, ಮಿಡಿ ಕಡತವಾಗಿ ಉಳಿಸಿಕೊಂಡರೆ, ಅಂತಹ ಕಡತವನ್ನು ಓದಬಲ್ಲ ಯಾವ ಯಂತ್ರಕ್ಕಾದರೂ ಅದನ್ನು ಒಯ್ಯಬಹುದು. ಆದರೆ ಎಲ್ಲ ರೆಕಾರ್ಡರುಗಳೂ ಪೆಟ್ಟುಗಳ ಸಂದೇಶವನ್ನು ಹೊರಬಿಡುವುದಿಲ್ಲ. ಕೆಲವು ಕೇವಲ ಕಾಲಸೂಚನೆಯನ್ನು, ಒಂದು ಮಾತ್ರೆಗೆ 24ರಂತೆ, ಕಳುಹಿಸಿ ಸುಮ್ಮನಾಗುತ್ತವೆ. ಕೊಳ್ಳುವ ಮುನ್ನವೇ ಇದನ್ನು ಕೇಳಿ ತಿಳಿಯುವುದು ಲೇಸು.

ರೋಸಿನ ಹಾಡಿಗೆ ತೊಡಕು ಬಂದದ್ದು ಈ ಹಂತದಲ್ಲಿಯೇ. ಗಣಕಯಂತ್ರ ಬಲ್ಲ ಸಂಬಂಧಿಕನೊಬ್ಬನು ತಾಳವನ್ನು ಮಿಡಿಯಾಗಿ ತೆಗೆದು, ಅಂದಗೊಳಿಸುವ ಸದುದ್ದೇಶದಿಂದ 'ಕ್ವಾಂಟೈಜ್' ಮಾಡಿದನು. ಹಿಂದೆ ಮುಂದೆ ಬಿದ್ದ ಪೆಟ್ಟುಗಳನ್ನೆಲ್ಲ ಸಮೀಪದ ಗೆರೆಗೆ ಎಳೆದು ಕೂರಿಸುವ ಕ್ರಿಯೆಯಿದು. ಕೇಳಿದೊಡನೆ ತಾಯಿ ತಲೆಯಲ್ಲಾಡಿಸಿಬಿಟ್ಟರು. ಪೆಟ್ಟುಗಳು ಎಲ್ಲವೂ ಇದ್ದವು, ಬಾರಿಸುತ್ತಿದ್ದವರು ಮಾತ್ರ ಅಲ್ಲಿರಲಿಲ್ಲ. ಆ ತಂದೆಯು ತೆಳು ನಾದದ ಪೆಟ್ಟನ್ನು ಯಾವಾಗಲೂ ಕಿಂಚಿತ್ ತಡವಾಗಿ ಹಾಕುತ್ತಿದ್ದರಂತೆ. ನಿಮಿಷಕ್ಕೆ 120 ಮಾತ್ರೆಗಳ ವೇಗದಲ್ಲಿ ಒಂದು ಮಾತ್ರೆಯೆಂದರೆ ಅರ್ಧ ಸೆಕೆಂಡು. ಅದನ್ನು 480 ಭಾಗ ಮಾಡುವ ಯಂತ್ರವು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ವ್ಯತ್ಯಾಸವನ್ನೂ ನೆನಪಿಡಬಲ್ಲದು. 96 ಭಾಗ ಮಾಡುವುದಕ್ಕೆ ಸುಮಾರು ಸಾವಿರದ ಐದು ಭಾಗಕ್ಕಿಂತ ಕಡಿಮೆಯಾದುದು ಕಾಣಿಸದು. ಕ್ವಾಂಟೈಜ್ ಆದ ಮೇಲೆ ಅದ್ಯಾವುದೂ ಉಳಿಯದು. ಅರಿಸ್ಟಾಟಲನ ದೃಷ್ಟಾಂತವು ಇಲ್ಲಿ ಕುಂಟುತ್ತದೆಯೆಂದು ಒಪ್ಪಲೇಬೇಕು. ಸತ್ವವನ್ನು ಇಟ್ಟುಕೊಂಡು ಆಗಂತುಕ ಗುಣಗಳನ್ನು ಬಿಡಬಹುದೆಂದು ತರ್ಕ ಹೇಳುತ್ತದೆ. ಆದರೆ ಆ ತಡವು ಆಗಂತುಕವೋ ಸತ್ವವೋ ಎಂಬುದನ್ನು ತೀರ್ಮಾನಿಸಿದವರು ಅವರ ವಿಧವೆ.

ಪುಣ್ಯಕ್ಕೆ ಮೂಲವು ಹಳೆಯ ಹಾಡಿನಲ್ಲಿ ಕೆಡದೆ ಇತ್ತು. ಅದನ್ನು ಪುನಃ ತೆಗೆದು, ತಿದ್ದದೆಯೇ ಹೊಸ ಹಾಡಿಗೆ ತಂದರು. ಬಳಿಕ ಮನೆಯ ಗುಮಟೆಯ ಎರಡು ನಾದಗಳನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಿ, ಗಣಕಯಂತ್ರದಲ್ಲಿ ಆ ಎರಡು ಟಾಮ್‌ಗಳ ಸಂಖ್ಯೆಗಳಿಗೆ ಜೋಡಿಸಿದರು. ಪ್ಯಾಡಿನ ಮೇಲೆ ಬೆರಳಿನಿಂದ ಬಡಿದ ತಾಳವು ಮಡಕೆಯ ನಾದದಲ್ಲಿ ಹೊರಬಂದಿತು. ರೂಪ ಮಾತ್ರ ಸಾಗುತ್ತದೆಯೆಂಬ ನಿಯಮ ಇಲ್ಲಿ ಉಪಕಾರಕ್ಕೇ ಬಂದಿತೆನ್ನಬಹುದು. ತಾಳವನ್ನು ಅವರು ಮೊದಲೇ ಧ್ವನಿಯಾಗಿ ಇತರ ಪಥಗಳೊಂದಿಗೆ ಬೆರೆಸಿ ಇಟ್ಟಿದ್ದರೆ ಟಾಮ್‌ನ ನಾದವನ್ನು ತೆಗೆದು ಗುಮಟೆಯ ನಾದವನ್ನು ಕೂರಿಸುವುದು ಬಹಳ ಕಷ್ಟವಾಗುತ್ತಿತ್ತು.

ಲೆಕ್ಕದ ಅಳತೆ ಬೇರೆಯಾದ ಹಾಡುಗಳ ವಿಷಯದಲ್ಲಿ ಒಂದು ಮಾತು. 6/8ರ ತಾಳವನ್ನು 4/4ರ ಹಾಡಿನೊಳಗೆ ತಂದರೆ ಒಂದೋ ಯಂತ್ರ ನಿರಾಕರಿಸುತ್ತದೆ, ಇಲ್ಲವೇ ಒಂದೆರಡು ಆವರ್ತದೊಳಗೆ ತಾಳ ಒಂದು ಕಡೆ, ಹಾಡು ಒಂದು ಕಡೆಯಾಗುತ್ತದೆ. ಹೊಸ ಹಾಡಿನ ಅಳತೆಯನ್ನು ಮೊದಲು ಸರಿಪಡಿಸಿಕೊಂಡೇ ಮುಂದುವರಿಯಬೇಕು.

ಯಾವ ದಾರಿಯೂ ಇಲ್ಲದ ಯಂತ್ರ ನಿಮ್ಮದಾಗಿದ್ದರೆ ಕಾಗದ ಇದ್ದೇ ಇದೆ. ಚೌಕುಳಿ ಪುಸ್ತಕದ ಹಾಳೆಯಲ್ಲಿ 4/4ಕ್ಕೆ 16 ಮನೆ, 6/8ಕ್ಕೆ 12 ಮನೆಗಳ ಸಾಲುಗಳನ್ನೆಳೆದು, ವಾದ್ಯಕ್ಕೊಂದು ಸಾಲಿನಂತೆ ಪೆಟ್ಟು ಬೀಳುವ ಮನೆಯಲ್ಲಿ ಅದರ ಬಲದ ಅಂಕಿಯನ್ನು ಬರೆದರಾಯಿತು. ಹೊಸ ಹಾಡಿನಲ್ಲಿ ಅದನ್ನು ನೋಡಿಕೊಂಡು ಒಂದೊಂದಾಗಿ ತುಂಬಬಹುದು. ಎರಡು ಆವರ್ತದ ತಾಳಕ್ಕೆ ಅರ್ಧ ಗಂಟೆ ಸಾಕು. ಮನೆಗಳ ನಡುವೆ ಬೀಳುವ ಪೆಟ್ಟಿಗೆ ಬಾಣದ ಗುರುತನ್ನು ಹಾಕಿ, ಹಿಂದಕ್ಕೋ ಮುಂದಕ್ಕೋ ಎಂದು ಸೂಚಿಸಬೇಕು. ಜಿಪ್ ಡಿಸ್ಕಿನ ಯಂತ್ರಗಳನ್ನು ಹೊಂದಿರುವವರು ಈ ಕೆಲಸವನ್ನು ಮುಂದೂಡದಿರುವುದು ಒಳ್ಳೆಯದು. 1995ರಲ್ಲಿ ಮಾರುಕಟ್ಟೆಗೆ ಬಂದ ಆ ಡಿಸ್ಕುಗಳ ತಯಾರಿಕೆ ನಿಂತು ಬಹುಕಾಲವಾಯಿತು. ಓದುವ ಯಂತ್ರ ಕೆಟ್ಟರೆ ರಿಪೇರಿಯವರೂ ಸಿಗುವುದು ದುರ್ಲಭ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನವರು ಸದ್ಯಕ್ಕೆ ಕ್ಷೇಮ. ಒಂದು ಕಾರ್ಡ್ ರೀಡರನ್ನು ಕೊಂಡು ಇಡೀ ಕಾರ್ಡಿನ ಪ್ರತಿಯನ್ನು ಗಣಕಯಂತ್ರದಲ್ಲಿ ಇರಿಸಿಕೊಳ್ಳಬಹುದು. ಒಳಗಿನ ಕಡತಗಳ ಹೆಸರನ್ನು ಮಾತ್ರ ಬದಲಿಸಕೂಡದು, ಬದಲಿಸಿದರೆ ಯಂತ್ರವು ಹಾಡನ್ನು ಗುರುತಿಸದೆ ಹೋದೀತು.

ತಾಳವು ಹೊಸ ಹಾಡಿಗೆ ಬಂದ ಮೇಲೆ ಎರಡೂ ಹಾಡುಗಳ ಟೆಂಪೊವನ್ನು ಒಂದೇ ಸಂಖ್ಯೆಗೆ ಇಟ್ಟು, ಒಂದಾದ ಮೇಲೊಂದರಂತೆ ಕೇಳಿ ನೋಡಬೇಕು. ಆ ತಾಳವನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಹಳೆಯ ಹಾಡನ್ನು ಅಳಿಸುವ ಗುಂಡಿಯ ಹತ್ತಿರ ಅಲ್ಲಿಯವರೆಗೆ ಯಾರೂ ಸುಳಿಯದಿರಲಿ.