ನಿಮಗಿದು ಗೊತ್ತೇ? ಪುಟ್ಟ ವಿಮಾನದ ರೆಕ್ಕೆ ಹಿಡಿದ ಕಂಬಿ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಜುಹೂಗೆ ಟಪಾಲು ತಂದಿಳಿಸಿದ ಪುಸ್ ಮಾತ್ ವಿಮಾನದ ರೆಕ್ಕೆಗಳು ಓರೆ ಕಂಬಿಗಳ ಆಸರೆಯಲ್ಲಿದ್ದವು. ಇವೇ ಸ್ಟ್ರಟ್‌ಗಳು. ಜುಹೂನಿಂದ ಮುಂದೆ ಆ ಟಪಾಲನ್ನು ಪೈಲಟ್ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲಿಂದ ಮದರಾಸಿಗೆ ಒಯ್ದರು. 1982ರಲ್ಲಿ, 78ರ ವಯಸ್ಸಿನಲ್ಲಿ, ಜೆ.ಆರ್.ಡಿ. ಅದೇ ದಾರಿಯಲ್ಲಿ ಮತ್ತೆ ಹಾರಿದರು. ಆಗ ಬಳಸಿದ ಲೆಪರ್ಡ್ ಮಾತ್‌ಗೂ ಸ್ಟ್ರಟ್‌ಗಳಿದ್ದವು.

ಪುಸ್ ಮಾತ್ ಜಾತಿಯ ಹಲವು ವಿಮಾನಗಳು 1930ರ ಸುಮಾರಿಗೆ ಆಕಾಶದಲ್ಲೇ ರೆಕ್ಕೆ ಮುರಿದು ಬಿದ್ದಿದ್ದವು. ಅದು ತುಕ್ಕಿನ ದೋಷವಲ್ಲ, ವಿನ್ಯಾಸದ್ದು. ತನಿಖೆಯ ಬಳಿಕ ಮುಂಬದಿಯ ಸ್ಟ್ರಟ್‌ಗೆ ಇನ್ನೊಂದು ಪುಟ್ಟ ಕಂಬಿ ಕೊಟ್ಟು ಬಲಪಡಿಸಿದರು.

ವಿಮಾನ ನೆಲದ ಮೇಲಿದ್ದಾಗ ರೆಕ್ಕೆಯ ಭಾರ ಸ್ಟ್ರಟ್ ಅನ್ನು ಒತ್ತುತ್ತದೆ. ಮೇಲೇರಿದ ಕ್ಷಣದಿಂದ ಅದೇ ರೆಕ್ಕೆ ಸ್ಟ್ರಟ್ ಅನ್ನು ಎಳೆಯತೊಡಗುತ್ತದೆ. ಅದು ತುಂಡಾದರೆ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೈಲಟ್ ಕೈಯಲ್ಲಿ ಆಮೇಲೆ ಏನೂ ಉಳಿಯುವುದಿಲ್ಲ.

ಬೆಂಗಳೂರಿನ ಎಚ್‌ಎಎಲ್‌ನ ಪುಷ್ಪಕ್ ಮೊದಲು ಹಾರಿದ್ದು 1958ರ ಸೆಪ್ಟೆಂಬರ್ 28ರಂದು. ಎರಡು ಸೀಟು, ಬಟ್ಟೆ ಹೊದಿಸಿದ ರೆಕ್ಕೆ, ಕೆಳಗೆ ಸ್ಟ್ರಟ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಹಾರಾಟ ಕಲಿತದ್ದು ಇದರಲ್ಲೇ.

ನವಿ ಮುಂಬೈಯ ಹೊಸ ನಿಲ್ದಾಣದಲ್ಲಿ ಇಳಿಯುವ ಜೆಟ್‌ಗಳಿಗೆ ಸ್ಟ್ರಟ್ ಇಲ್ಲ, ಬಲವೆಲ್ಲ ರೆಕ್ಕೆಯೊಳಗಿನ ತೊಲೆಯಲ್ಲಿದೆ. ತರಬೇತಿಯ ಸೆಸ್ನಾ 152, 172ಗಳಲ್ಲಿ ಸ್ಟ್ರಟ್ ಇಂದಿಗೂ ಇದೆ.

ಹಳೆಯ ಉಕ್ಕಿನ ಸ್ಟ್ರಟ್ ಹಾಳಾಗುವುದು ಒಳಗಿನಿಂದ. ಡೊಂಬಿವಲಿಯ ಬಾಲ್ಕನಿ ಗ್ರಿಲ್‌ಗೆ ಎಷ್ಟೇ ಬಣ್ಣ ಬಳಿದರೂ ಪೈಪಿನೊಳಗೆ ಮಳೆನೀರು ನಿಂತು ಬುಡ ಕೊಳೆಯುವ ಹಾಗೆ, ಟೊಳ್ಳು ಸ್ಟ್ರಟ್‌ನಲ್ಲೂ ತೇವ ಕೆಳತುದಿಗೆ ಇಳಿದು ಕೂರುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಉಕ್ಕು ತೆಳ್ಳಗಾಗುತ್ತಿರುತ್ತದೆ. ಠಾಣೆಯ ಖಾಡಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಾಗಿಯೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1993ರಲ್ಲಿ ಹಳೆಯ ಪೈಪರ್ ವಿಮಾನಗಳ ಮೇಲೆ ಕಡ್ಡಾಯ ಆದೇಶ ಹೊರಡಿಸಿತು: ಎರಡು ವರ್ಷಕ್ಕೊಮ್ಮೆ ಸ್ಟ್ರಟ್ ಪರೀಕ್ಷಿಸಿ, ಇಲ್ಲವೇ ತೇವ ನುಗ್ಗದಂತೆ ಮುಚ್ಚಿದ ಹೊಸ ಸ್ಟ್ರಟ್ ಹಾಕಿ. ಪರೀಕ್ಷೆಯ ಒಂದು ಸಾಧನ ಮಾಲ್ ಟೆಸ್ಟರ್. ರೆಕ್ಕೆಯ ಬಟ್ಟೆಯ ಗಟ್ಟಿತನ ನೋಡಲು ಹುಟ್ಟಿದ ಸ್ಪ್ರಿಂಗ್ ಉಪಕರಣ ಅದು. ಸ್ಟ್ರಟ್‌ನ ಕೆಳತುದಿಯ ಸುಮಾರು ಒಂದಡಿ ಉದ್ದಕ್ಕೂ ಎಂಜಿನಿಯರ್ ಅದನ್ನು ನಿಗದಿತ ಬಲದಲ್ಲಿ ಊರುತ್ತಾ ಹೋಗುತ್ತಾನೆ. ಎಲ್ಲಾದರೂ ಒಂದೇ ಒಂದು ಕಡೆ ಉಕ್ಕು ತಗ್ಗಿತೋ, ಆ ಸ್ಟ್ರಟ್ ಗುಜರಿಗೆ. ಅಲ್ಟ್ರಾಸೌಂಡ್‌ನಿಂದ ಕೊಳವೆಯ ದಪ್ಪ ಅಳೆಯುವ ದಾರಿಯೂ ಇದೆ. ಇಂಥ ಆದೇಶವನ್ನು ದುಬಾರಿ ಎಂದು ಗೊಣಗುವ ಮಾಲೀಕರು ಎಲ್ಲ ಕಡೆಯೂ ಇದ್ದಾರೆ. ನನಗಂತೂ ಇದು ಸಂಪೂರ್ಣ ನ್ಯಾಯ ಅನ್ನಿಸುತ್ತದೆ, ಯಾಕೆಂದರೆ ಈ ತುಕ್ಕನ್ನು ಬರೀ ಕಣ್ಣಿನಿಂದ ಹಿಡಿಯಲಾಗದು.

ಸ್ಟ್ರಟ್‌ನ ತುದಿಯಲ್ಲಿ ಕವಲೊಡೆದ ಫೋರ್ಕ್ ಇರುತ್ತದೆ. ಅದನ್ನು ತಿರುಪಿನ ಹಾಗೆ ಸ್ಟ್ರಟ್‌ನೊಳಗೆ ತಿರುಗಿಸಿ ಕೂರಿಸಿರುತ್ತಾರೆ. ಬಿರುಕು ಬೀಳುವುದು ಆ ತಿರುಪಿನ ಸುತ್ತುಗಳ ನಡುವೆ. ಅದನ್ನು ಕಾಂತೀಯ ಪುಡಿ ಹಾಕಿ ಹುಡುಕುತ್ತಾರೆ.

ಸ್ಟ್ರಟ್ ಬದಲಿಸುವಾಗ ರೆಕ್ಕೆಗೆ ಬೇರೆ ಆಸರೆ ಕೊಡದೆ ಒಂದು ಬೋಲ್ಟನ್ನೂ ಬಿಚ್ಚುವ ಹಾಗಿಲ್ಲ. ಫೋರ್ಕ್ ಎಷ್ಟು ಸುತ್ತು ಒಳಗಿತ್ತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು, ರೆಕ್ಕೆಯ ಓರೆ ನಿರ್ಧಾರವಾಗುವುದು ಆ ಸುತ್ತುಗಳಿಂದಲೇ. ಹೊಸದನ್ನು ಕೂರಿಸಿದ ಮೇಲೆ ಪರೀಕ್ಷಾ ಹಾರಾಟ. ಕೈ ಬಿಟ್ಟಾಗ ವಿಮಾನ ಒಂದು ಬದಿಗೆ ವಾಲಿದರೆ ಕೆಳಗಿಳಿಸಿ, ಹಿಂಬದಿಯ ಸ್ಟ್ರಟ್‌ನ ಫೋರ್ಕನ್ನು ತುಸು ತಿರುಗಿಸಿ, ಮತ್ತೆ ಹಾರಿಸಿ ನೋಡುತ್ತಾರೆ.